ಶಾಲೆಯ ಬಾಗಿಲಿಗೆ ನೇತುಹಾಕಿದ ಇಲಿ

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಹಿಂದಿನ ದಿನವೇ ನೆನೆಹಾಕಿದ್ದ ಕಾಳು. ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ತಟ್ಟೆಗೆ ಹಾರಬೇಕು. ಭಾನುವಾರವಾದ್ದರಿಂದ ಶಾಲೆ ಇರಲಿಲ್ಲ. ಅತ್ತೆ ಎದುರಿಗೆ ಕೂತು ತಾವೂ ಹಿತುಕುತ್ತಾ, ನನ್ನ ಕೈ ಎಷ್ಟು ನಿಧಾನ ಎಂದು ಹೇಳಿಕೊಳ್ಳುತ್ತಿದ್ದರು. ಆಗ ನಮ್ಮ ಯಜಮಾನರು ಅಂಗಡಿ ಬಿಟ್ಟು, ಅದೂ ವ್ಯಾಪಾರದ ಹೊತ್ತಿನಲ್ಲಿ, ನಡುಮನೆಗೆ ಬಂದು ನಿಂತರು.

"ಏನೇ, ನಿಮ್ ಇಸ್ಕೂಲ್ನಾಗೆ ಇಲಿ ಬಿದ್ದೈತಂತೆ?"

ಅತ್ತೆಯ ಕೈ ನಿಂತಿತು. "ಶಿವನೇ! ಯಾರ್ಲಾ ಅಂದೋರು?"

"ಯಾರಂದೋರು ಅಂದ್ರೆ? ಊರೇ ಅಂತೈತೆ. ಬೋರೇಗೌಡ್ರು ಗಾಡಿ ಕಟ್ಬುಟ್ಟವ್ರೆ. ಉಪ್ಪು, ಬೆಲ್ಲ, ಬೆಂಕಿಪೆಟ್ಟಿಗೆ ಅಂತ ಅಂಗ್ಡಿ ಮುಂದೆ ನೂಕ್ಕೊಂಡು ನಿಂತವ್ರೆ ಜನ."

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಪ್ಲೇಗು ಬರುವ ಮೊದಲು ಮನೆಯ ಇಲಿಗಳು ತಾವಾಗಿ ಸತ್ತು ಬೀಳುತ್ತವೆ. ನಮ್ಮ ಕಾಲದಲ್ಲಿ 'ಇಲಿ ಬಿತ್ತು' ಎಂದರೆ ಮನೆಗೆ ಬೀಗ ಹಾಕಿ, ಪಾತ್ರೆಪಡಗ, ದನಕರು, ಮುದುಕರು ಮಕ್ಕಳನ್ನೆಲ್ಲ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಿ ಎಂದೇ ಅರ್ಥ. ತಿಂಗಳುಗಟ್ಟಲೆ ಊರು ಬಿಕೋ ಎನ್ನುತ್ತಿತ್ತು. ಆ ವರ್ಷ ಚನ್ನರಾಯಪಟ್ಟಣದ ಕಡೆ ಒಂದೆರಡು ಊರಲ್ಲಿ ಇಲಿ ಬಿದ್ದ ಸುದ್ದಿ ಬಂದಿತ್ತು. ಅಲ್ಲಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿದ್ದ ನಮ್ಮೂರಿನವರು ಪ್ರತಿದಿನ ಬೆಳಿಗ್ಗೆ ಮೂಲೆ ಮೂಲೆ ನೋಡಿಕೊಂಡೇ ಕಸ ಗುಡಿಸುತ್ತಿದ್ದರು.

"ಶನಿವಾರ ನಾನು ಬರುವವರೆಗೂ ಶಾಲೆಯಲ್ಲಿ ಏನೂ ಇರಲಿಲ್ಲ," ಎಂದೆ.

"ಇಲ್ಲ ಅಂತೀಯಲ್ಲ, ಬಾಗ್ಲಿಗೇ ನೇತಾಕವ್ರಂತೆ. ಈಟು ದಪ್ಪ ಐತಂತೆ. ಅಂಗಾತ ಬಿದ್ದೈತೆ, ಬಾಯ್ನಾಗೆ ರಕ್ತ."

ಬಾಯಲ್ಲಿ ರಕ್ತ ಎಂದ ಕೂಡಲೇ ನನಗೆ ತಿಳಿಯಿತು. ಆ ಇಲಿ ನಾನು ಬರೆದದ್ದು. ಕೈಯಲ್ಲಿದ್ದ ಕಾಳನ್ನು ಹಾಗೇ ತಟ್ಟೆಗೆ ಬಿಟ್ಟು ಎದ್ದೆ.

ಈಗ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಆಗಾಗ ನಮ್ಮ ಮನೆಗೆ ಬರುತ್ತಾರೆ. ಪಾಠೋಪಕರಣ ಎಂದು ಚಾರ್ಟು, ನಕ್ಷೆ, ಮಾದರಿ ಎಲ್ಲ ತಂದು ತೋರಿಸುತ್ತಾರೆ. ನನಗೆ ಖುಷಿಯಾಗುತ್ತದೆ. ನಿಮ್ಮ ಕಾಲದಲ್ಲಿ ಏನಿತ್ತು ಎಂದು ಕೇಳುತ್ತಾರೆ. ಏನಿತ್ತು ಎನ್ನುವುದಕ್ಕಿಂತ ಏನಾಯಿತು ಎಂದು ಹೇಳಿದರೆ ಅವರಿಗೆ ಹೆಚ್ಚು ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಹಾಸನದಲ್ಲಿ ನಾನು ತರಬೇತಿ ಪಡೆದಾಗ ನಮ್ಮ ಗುರುಗಳು ಒಂದೇ ಮಾತನ್ನು ಹಿಡಿದು ಕುಟ್ಟುತ್ತಿದ್ದರು: ಕಿವಿಗೆ ಹೇಳಿದ್ದು ಹೋಗುತ್ತದೆ, ಕಣ್ಣಿಗೆ ತೋರಿಸಿದ್ದು ಉಳಿಯುತ್ತದೆ. ಅದನ್ನು ನಂಬಿಕೊಂಡು ಮದುವೆಗೆ ಮುಂಚೆ ಕೊಣನೂರಿನಲ್ಲಿ ಕೆಲಸಕ್ಕೆ ಸೇರಿದೆ. ಸಂತೆಯಿಂದ ಹುರಿಗಡಲೆ ತರಿಸಿ, ಒಬ್ಬೊಬ್ಬ ಹುಡುಗಿಯ ಮುಂದೆ ಗುಡ್ಡೆ ಹಾಕಿ, ಕೂಡುವ ಲೆಕ್ಕ ಕಲಿಸಿದೆ. ಚೆನ್ನಾಗಿ ನಡೆಯಿತು. ಕಳೆಯುವ ಲೆಕ್ಕಕ್ಕೆ ಬರುವ ಹೊತ್ತಿಗೆ ಮಕ್ಕಳು ನನ್ನ ಸಹಾಯವಿಲ್ಲದೆ ಕಳೆದು ಮುಗಿಸಿದ್ದರು. ಒಬ್ಬಳು ಉತ್ತರವನ್ನು ಇನ್ನೂ ಅಗಿಯುತ್ತಿದ್ದಳು. ಮರುದಿನದಿಂದ ಹುಣಸೆಬೀಜ ತಂದೆ. ತಿನ್ನುವುದನ್ನು ತೋರಿಸಿದರೆ ಹಸಿದ ಮಗು ಅದನ್ನು ತಿನ್ನುವುದಾಗಿಯೇ ನೋಡುತ್ತದೆ, ಎಣಿಸುವುದಾಗಿ ನೋಡುವುದಿಲ್ಲ. ಇಷ್ಟು ಅಂದೇ ಕಲಿತೆ. ಆದರೆ ಇದು ಎಷ್ಟು ದೂರ ಹೋಗುತ್ತದೆ ಎಂದು ಆಗ ಹೊಳೆಯಲಿಲ್ಲ.

ಮದುವೆಯಾಗಿ ಆ ಊರಿಗೆ ಬಂದೆ. ಊರಿನ ಹೆಸರು ಬೇಡ. ಅಲ್ಲಿನವರ ಮೊಮ್ಮಕ್ಕಳು ಈಗಲೂ ನನಗೆ ಬೇಕಾದವರು. ಅತ್ತೆಯ ಮನೆಯಲ್ಲಿ ದಿನಸಿ ಅಂಗಡಿ, ಬೆಳಿಗ್ಗೆ ಲಿಂಗಪೂಜೆ ಆಗದೆ ಒಲೆ ಹಚ್ಚದ ಕಟ್ಟುನಿಟ್ಟು. ಅಂಥ ಮನೆಯವರು ಸೊಸೆಯನ್ನು ಶಾಲೆಗೆ ಕಳಿಸಿದ್ದೇ ಶಿವನ ಕೃಪೆ. ಹೆಣ್ಣುಮಕ್ಕಳ ತರಗತಿ ನನ್ನದು. ಮೇಲೆ ಹೆಡ್‌ಮೇಷ್ಟ್ರು ರಂಗಪ್ಪನವರು. ಒಳ್ಳೆಯವರು, ಆದರೆ ಇನ್ಸ್‌ಪೆಕ್ಟರ್ ಬರುತ್ತಾರೆ ಎಂದರೆ ಅವರ ಎಡಗಣ್ಣು ಅದುರಲು ಶುರುವಾಗುತ್ತಿತ್ತು.

ಆ ಸಲ ಇನ್ಸ್‌ಪೆಕ್ಟರ್ ಸೋಮವಾರ ಬರುವವರಿದ್ದರು. ಪ್ಲೇಗಿನ ವಿಷಯವನ್ನು ಮಕ್ಕಳಿಗೆ ಚಿತ್ರಗಳ ಮೂಲಕ ಕಲಿಸಿರಬೇಕು, ಚಿತ್ರ ಎಲ್ಲರಿಗೂ ಕಾಣುವಂತಿರಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. ಬರೆಯುವ ಕೆಲಸ ನನ್ನ ತಲೆಗೆ ಬಂತು. ಯುದ್ಧದ ಕಾಲ, ದೊಡ್ಡ ಕಾಗದ ಎಲ್ಲೂ ಸಿಗುತ್ತಿರಲಿಲ್ಲ. ಅಂಗಡಿಯ ಪೊಟ್ಟಣದ ಕಾಗದಗಳನ್ನು ಮೈದಾದ ಸರಿಯಲ್ಲಿ ಒಂದಕ್ಕೊಂದು ಅಂಟಿಸಿ, ಹಿಂದೆ ನನ್ನ ಹಳೆಯ ಸೀರೆಯ ತುಂಡು ಹಚ್ಚಿದೆ. ಹರಿಯದು, ಸುರುಳಿ ಸುತ್ತಬಹುದು. ಕಪ್ಪಿಗೆ ದೀಪದ ಕಾಡಿಗೆ, ಹಳದಿಗೆ ಅರಿಶಿನ, ಬಿಳಿಗೆ ಸುಣ್ಣ, ಬಟ್ಟೆಗೆ ಹಾಕುವ ನೀಲಿ. ಕೆಂಪಿಗೆ ಕುಂಕುಮದ ಭರಣಿ ತೆಗೆದಾಗ ಅತ್ತೆ ಕೈ ಹಿಡಿದರು.

"ಕುಂಕುಮಾನ ಇಲಿ ಬಾಯ್ಗೆ ಬಳೀತೀಯೇನೇ? ನಾಳೆ ಅದನ್ನೇ ದೇವ್ರಿಗಿಡ್ತೀಯಾ?"

ಅದೂ ಸರಿಯೇ. ಕೆಮ್ಮಣ್ಣು ಅರೆದು ಹಚ್ಚಿದೆ. ರಕ್ತ ಕುಂಕುಮದಲ್ಲಿ ಬರೆದದ್ದಕ್ಕಿಂತ ನಿಜವಾಗಿ ಕಂಡಿತು. ಅದೇ ಮುಳುವಾಯಿತು.

ಚಿತ್ರಗಳು ಮೂರು. ಮೊದಲನೆಯದರಲ್ಲಿ ಜೀವಂತ ಇಲಿ ಕಣಜದ ಬುಡದಲ್ಲಿ ಓಡುತ್ತಿದೆ. ಎರಡನೆಯದರಲ್ಲಿ ಇಲಿ ಸತ್ತು ಬಿದ್ದಿದೆ. ಮೂರನೆಯದರಲ್ಲಿ ಮನೆಯವರೆಲ್ಲ ಹೊರಗೆ ಗುಡಿಸಲಲ್ಲಿದ್ದಾರೆ, ಡಾಕ್ಟರು ತಾಯಿಯ ತೋಳಿಗೆ ಸೂಜಿ ಹಾಕುತ್ತಿದ್ದಾರೆ. ಮೂರನ್ನೂ ಸಾಲಾಗಿ ಹಿಡಿದರೆ ಪಾಠ. ಇಲಿ ಓಡಾಡುತ್ತಿದ್ದರೆ ಭಯವಿಲ್ಲ, ತಾನಾಗಿ ಸತ್ತು ಬಿದ್ದರೆ ಎಚ್ಚರ, ಆಗ ಹೀಗೆ ಮಾಡಿ. ಶನಿವಾರ ತರಗತಿಯಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದ್ದೆ. ಮಕ್ಕಳಿಗೆ ಚೆನ್ನಾಗಿ ಅರ್ಥವಾಗಿತ್ತು.

ನಾನು ಮನೆಗೆ ಬಂದ ಮೇಲೆ ಹೆಡ್‌ಮೇಷ್ಟ್ರಿಗೆ 'ಎಲ್ಲರಿಗೂ ಕಾಣುವಂತೆ' ಎಂಬ ಮಾತು ಮತ್ತೆ ನೆನಪಾಗಿದೆ. ಶಾಲೆಯ ಬಾಗಿಲು ಅಗಲ ಕಡಿಮೆ, ಮೂರು ಚಿತ್ರ ಹಿಡಿಯದು. ಮೂರರಲ್ಲಿ ಎದ್ದು ಕಾಣುವುದು ಸತ್ತ ಇಲಿ. ಅದೊಂದನ್ನು ಬಾಗಿಲಿಗೆ ನೇತುಹಾಕಿ ಬೀಗ ಹಾಕಿಕೊಂಡು ಹೋಗಿದ್ದರು.

ನಮ್ಮ ಸೀಮೆಯಲ್ಲಿ ಪ್ಲೇಗಿನ ಕಾಲಕ್ಕೆ ಮನೆಯ ಬಾಗಿಲೇ ಡಂಗುರ. ಇಲಿ ಬಿದ್ದ ಮನೆಯ ಕದಕ್ಕೆ ತಳವಾರ ಬಂದು ಸುಣ್ಣದಲ್ಲಿ ಗುರುತು ಹಾಕಿ, ಬೇವಿನ ಸೊಪ್ಪು ಸಿಕ್ಕಿಸಿ ಹೋಗುತ್ತಿದ್ದ. ಓದು ಬಾರದವರೂ ದೂರದಿಂದಲೇ ತಿಳಿದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ಅಂಥ ಜನರ ಕಣ್ಣಿಗೆ ಶಾಲೆಯ ಕದದ ಮೇಲೆ ಸತ್ತ ಇಲಿ ಕಂಡರೆ ಅವರು ಅದನ್ನು ಪಾಠ ಎಂದುಕೊಳ್ಳುವುದು ಹೇಗೆ? ಮೂರು ಚಿತ್ರದ ಕಥೆಯಿಂದ ಒಂದೇ ಚಿತ್ರ ಬೀದಿಗೆ ಬಂದರೆ ಅದು ಕಥೆಯಲ್ಲ, ಸುದ್ದಿ. ಬಾಯಲ್ಲಿ ಹೇಳುವಾಗ 'ಒಂದು ವೇಳೆ ಸತ್ತರೆ' ಎನ್ನಬಹುದು. ಚಿತ್ರಕ್ಕೆ 'ಒಂದು ವೇಳೆ' ಎನ್ನಲು ಬಾಯಿಲ್ಲ. ಅದು ಸತ್ತಿದೆ ಎಂದೇ ಹೇಳುತ್ತದೆ.

ನಾನು ಹೋದಾಗ ಶಾಲೆಯ ಮುಂದೆ ಜನ ದೂರ ನಿಂತಿದ್ದರು. ಹತ್ತಿರ ಬರಲು ಯಾರಿಗೂ ಧೈರ್ಯವಿಲ್ಲ. ಹೆಡ್‌ಮೇಷ್ಟ್ರು ಜಗಲಿಯ ಮೇಲೆ ನಿಂತು, "ಇದು ಬರೀ ಪಟ, ಬರೀ ಪಟ," ಎಂದು ಕೂಗುತ್ತಿದ್ದರು. ನಾನು ಸರಸರನೆ ಮೆಟ್ಟಿಲು ಹತ್ತಿ ಚಿತ್ರವನ್ನು ಬಿಚ್ಚಿ ಸುರುಳಿ ಸುತ್ತಿದೆ. ಅದರಿಂದ ಇನ್ನೂ ಕೆಟ್ಟಿತು.

"ನೋಡ್ರಲಾ, ಮುಚ್ಚಾಕ್ತಾವ್ರೆ!" ಎಂದ ಒಬ್ಬ.

"ಇನಿಸ್ಪೆಕ್ಟ್ರು ಬತ್ತಾರಂತಲ್ಲ, ಅವ್ರಿಗೆ ಗೊತ್ತಾಗ್ಬಾರ್ದು ಅಂತ."

ಮತ್ತೆ ಬಿಚ್ಚಿ, ಮೂರೂ ಚಿತ್ರಗಳನ್ನು ಜಗಲಿಯ ಮೇಲೆ ಸಾಲಾಗಿ ಹಾಸಿ, ಶನಿವಾರ ಮಕ್ಕಳಿಗೆ ಹೇಳಿದ್ದನ್ನೆಲ್ಲ ದೊಡ್ಡವರಿಗೆ ಹೇಳಿದೆ. ಪಟೇಲರು ಬಂದರು, ಶಾಲೆಯ ಬೀಗ ತೆಗೆಸಿ ಮೂಲೆ ಮೂಲೆ ನೋಡಿದರು, ಬೆಂಚು ಎತ್ತಿಸಿದರು. ಡಂಗುರ ಹೊಡೆಸಿದರು. ಮಧ್ಯಾಹ್ನದ ಹೊತ್ತಿಗೆ ಬಹಳ ಜನ ನಗುತ್ತಾ, ಬೈಯುತ್ತಾ ಕಟ್ಟಿದ್ದ ಗಂಟು ಬಿಚ್ಚಿದರು. "ಮೇಷ್ಟ್ರಮ್ಮ, ಮುಂದಿನ ಸಲ ಇಲಿ ಬುಟ್ಟು ಹುಲಿ ಚಿತ್ರ ಹಾಕಿ, ಎಲ್ರೂ ಮನೆ ಒಳ್ಗೇ ಇರ್ತಾರೆ," ಎಂದು ಒಬ್ಬ ಹಾಸ್ಯ ಮಾಡಿದ. ಅಷ್ಟರಲ್ಲೇ ಮುಗಿಯಿತಲ್ಲ ಎಂದು ನಾನು ಶಿವನಿಗೆ ಕೈ ಮುಗಿದೆ.

ಮುಗಿದಿರಲಿಲ್ಲ. ಬೋರೇಗೌಡರ ಗಾಡಿ ಆಗಲೇ ಹೊರಟುಹೋಗಿತ್ತು.

ಬೋರೇಗೌಡರ ಕಿರಿಯ ಮಗಳು ನಿಂಗಮ್ಮ ನನ್ನ ತರಗತಿಯವಳು. ಹಿರಿಯ ಮಗಳು ಪುಟ್ಟಲಕ್ಷ್ಮಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆತ್ತು ವಾರ ತುಂಬಿರಲಿಲ್ಲ. ಮಗು ತೂಕವಿಲ್ಲದ್ದು, ಬೆಕ್ಕಿನ ಮರಿಯಂತೆ ಅಳುತ್ತಿತ್ತು ಎಂದು ಅತ್ತೆ ನೋಡಿ ಬಂದು ಹೇಳಿದ್ದರು. ಬಾಣಂತಿ ಕೋಣೆಯ ಕೆಂಡದ ಕಾವಿನಲ್ಲಿರಬೇಕಾದ ತಾಯಿ ಮಗು ಈಗ ಮಾಗಿಯ ಚಳಿಯಲ್ಲಿ, ಬಯಲಿನ ಗುಡಿಸಲಲ್ಲಿ. ನಾನು ಬರೆದ ಚಿತ್ರದ ದೆಸೆಯಿಂದ.

ಹೆಡ್‌ಮೇಷ್ಟ್ರು, ನಾನು, ಇಬ್ಬರೂ ಅಂದೇ ಮಧ್ಯಾಹ್ನ ಅವರ ಹೊಲಕ್ಕೆ ಹೋದೆವು. ಅತ್ತೆ ಒಂದು ಕಂಬಳಿಯನ್ನೂ ಓಮಿನ ಕಾಳನ್ನೂ ಕೊಟ್ಟು ಕಳಿಸಿದರು. ಮೋಡ ಇರಲಿಲ್ಲ, ಅದೊಂದು ಪುಣ್ಯ. ತೆಂಗಿನ ಗರಿಯ ಗುಡಿಸಲು, ಮೂರು ಕಡೆ ಮರೆ, ಒಂದು ಕಡೆ ಗೋಣಿ ತಟ್ಟು. ಒಳಗೆ ಪುಟ್ಟಲಕ್ಷ್ಮಿ ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಅವಳ ಅಜ್ಜಿ, ಬೋರೇಗೌಡರ ತಾಯಿ ಕೆಂಪವ್ವ, ಗುಡಿಸಲ ಬಾಗಿಲಲ್ಲಿ ಕೂತಿದ್ದರು. ಆ ಮನೆಯಲ್ಲಿ ನಡೆಯುವುದು ಅವರ ಮಾತೇ.

ಹೆಡ್‌ಮೇಷ್ಟ್ರು ಎಲ್ಲ ಹೇಳಿದರು. ಕೆಂಪವ್ವ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣವ್ವ, ಇಲಿ ಬಿದ್ದಿಲ್ಲ ಅಂತೀಯ. ನಮ್ಮನೇಲಿ ಬಿದ್ದಿಲ್ಲ ಅಂತ ನಿಂಗೆಂಗ್ ಗೊತ್ತು? ಸತ್ತದ್ದ ಬರ್ದು ತೋರ್ಸ್ದೆ. ಸತ್ತಿಲ್ಲ ಅಂಬೋದ್ನೂ ಬರ್ದು ತೋರ್ಸು," ಎಂದರು.

ನಾನು ಮೊದಲನೆಯ ಚಿತ್ರವನ್ನು, ಓಡುತ್ತಿರುವ ಇಲಿಯದನ್ನು, ಕಂಕುಳಲ್ಲಿ ತಂದಿದ್ದೆ. ಬಿಚ್ಚಿ ಹಿಡಿದೆ. ಅವರು ಬಗ್ಗಿ ನೋಡಿದರು.

"ಇದ್ಯಾರು, ಆ ಇಲಿಯ ಅಣ್ಣನಾ?"

ಪುಟ್ಟಲಕ್ಷ್ಮಿಗೂ ನಗು ಬಂತು. ಬೋರೇಗೌಡರು, "ಅವ್ವ, ಮೇಷ್ಟ್ರಮ್ಮ ಯೋಳ್ತಾವ್ರೆ, ಓಗಾನ ಬುಡು. ಕೂಸು ಬೇರೆ ಚಳೀಗೆ," ಎಂದರು.

ಕೆಂಪವ್ವನ ಮುಖ ಗಟ್ಟಿಯಾಯಿತು. "ನೀನು ಬಾಯ್ಮುಚ್ಕೋ ಬೋರ. ಇಂದ್ಲ ಸಲದ ಪಿಲೇಗ್ನಾಗೆ ನಿಮ್ಮಪ್ಪನೂ ಇಂಗೇ ಅಂದ. ಒಂದ್ ರಾತ್ರಿ ನೋಡ್ಮಾ ಅಂದ. ಆ ಒಂದ್ ರಾತ್ರೀಗೆ ನಿಮ್ಮಣ್ಣ ಓದ. ನಾನ್ ಈ ಬಾಣಂತೀನ ಕರ್ಕೊಂಡು ಇನ್ನೊಂದ್ ದಪಾ ಅಂಗೆ ಮಾಡಕಿಲ್ಲ."

ನಾವಿಬ್ಬರೂ ಊರಿಗೆ ಹಿಂದಿರುಗಿದೆವು. ಅವರನ್ನು ಮೂಢರು ಎಂದು ಹೆಡ್‌ಮೇಷ್ಟ್ರು ದಾರಿಯಲ್ಲಿ ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ನನ್ನ ಮೂರನೆಯ ಚಿತ್ರದಲ್ಲಿ ನಾನು ಹೇಳಿದ್ದೇ ಅದಲ್ಲವೇ, ತಡ ಮಾಡಬೇಡಿ, ಹೊರಡಿ ಎಂದು? ಅವರು ತಡ ಮಾಡದೆ ಹೊರಟಿದ್ದರು.

ಮನೆಗೆ ಬಂದು ಸಂಜೆಯ ಪೂಜೆಗೆ ಕೂತರೆ ಮನಸ್ಸು ನಿಲ್ಲಲಿಲ್ಲ. ಲಿಂಗ ಅಂಗೈಯಲ್ಲಿದೆ, ಕಿವಿಯಲ್ಲಿ ಆ ಮಗುವಿನ ದನಿ. 'ಸತ್ತಿಲ್ಲ ಎಂಬುದನ್ನು ಬರೆದು ತೋರಿಸು.' ಹಾಸನದ ಗುರುಗಳು ಇರುವುದನ್ನು ತೋರಿಸಲು ಬೇಕಾದಷ್ಟು ದಾರಿ ಹೇಳಿಕೊಟ್ಟಿದ್ದರು. ಇಲ್ಲದ್ದನ್ನು ತೋರಿಸಲು ಒಂದೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೀಸುಕಲ್ಲಿನ ಸುತ್ತ ಗುಡಿಸಲು ಪೊರಕೆ ತೆಗೆದುಕೊಂಡೆ. ಹಿಂದಿನ ದಿನ ಅತ್ತೆ ರಾಗಿ ಬೀಸಿದ್ದರು. ಕಲ್ಲಿನ ಸುತ್ತ ತೆಳ್ಳಗೆ ಹಸಿಟ್ಟು ಬಿದ್ದಿತ್ತು. ಆ ಹಿಟ್ಟಿನ ಮೇಲೆ ಸಣ್ಣ ಸಣ್ಣ ಹೆಜ್ಜೆ, ನಡುವೆ ಬಾಲ ಎಳೆದ ಗೆರೆ. ದಿನಾ ಕಾಣುವುದೇ, ದಿನಾ ಬೈದುಕೊಂಡು ಗುಡಿಸುವುದೇ. ಅಂದು ಪೊರಕೆ ಹಾಗೇ ನಿಂತಿತು. ಇದು ಜೀವಂತ ಇಲಿಯ ಹೆಜ್ಜೆ. ಸತ್ತ ಇಲಿ ನಡೆಯುವುದಿಲ್ಲ. ಇಲಿ ಇದೆ, ಓಡಾಡುತ್ತಿದೆ, ನಮ್ಮ ರಾಗಿಯನ್ನೇ ತಿಂದು ಗಟ್ಟಿಯಾಗಿದೆ! ಇಲ್ಲ ಎಂಬುದನ್ನು ತೋರಿಸಲಾಗದಿದ್ದರೆ ಇದೆ ಎಂಬುದನ್ನು ತೋರಿಸಬಹುದಲ್ಲ. ನಾನು ಬರೆಯಬೇಕಾಗಿಯೇ ಇಲ್ಲ, ಇಲಿಯೇ ಬರೆಯುತ್ತದೆ.

"ಅದೇನು, ಕಸ ಗುಡ್ಸೋದ ಬಿಟ್ಟು ಇಲಿ ಎಜ್ಜೆಗೆ ಕೈ ಮುಗೀತಾ ಇದ್ದೀಯ?" ಎಂದರು ಅತ್ತೆ. ಹೇಳಿದೆ. ಅವರು, "ಆ ಮನೇಲಿ ಎಜ್ಜೆ ಮೂಡ್ಲಿಲ್ಲ ಅಂದ್ರೆ?" ಎಂದರು. ಆ ಭಯ ನನ್ನ ಎದೆಯಲ್ಲೂ ಇತ್ತು.

ಅಂದು ಇನ್ಸ್‌ಪೆಕ್ಟರ್ ಬಂದರು. ಬಾಗಿಲು ನೋಡಿ, "ಚಿತ್ರ ಎಲ್ರೀ?" ಎಂದರು. ಹೆಡ್‌ಮೇಷ್ಟ್ರು, "ಬಣ್ಣ ಒಣಗುತ್ತಿದೆ ಸ್ವಾಮಿ," ಎಂದರು. ಎಡಗಣ್ಣು ತಾಳ ಹಾಕುತ್ತಿತ್ತು. ನಾನು ಅಂದು ಏನು ಪಾಠ ಮಾಡಿದೆನೋ, ಅವರು ಏನು ಕೇಳಿದರೋ ನನಗೆ ನೆನಪಿಲ್ಲ. ನಿಂಗಮ್ಮನ ಜಾಗ ಖಾಲಿಯಿತ್ತು, ಅದೊಂದು ಕಾಣುತ್ತಿತ್ತು.

ಸಂಜೆ ಕೆಂಪವ್ವನನ್ನು ಒಪ್ಪಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. "ಅಸಿಟ್ಟು ತಾನೇ? ಆಕು. ನಾನೂ ಬತ್ತೀನಿ," ಎಂದರು. ಬೀಗ ತೆಗೆಸಿ, ಕಣಜದ ಕೋಣೆಯಿಂದ ಬಾಣಂತಿ ಕೋಣೆಯವರೆಗೆ ನೆಲಕ್ಕೆ ಹಿಟ್ಟು ಜರಡಿಯಾಡಿಸಿದೆ. ಎಲ್ಲೂ ಬಿಟ್ಟು ಹೋಗದಂತೆ, ತೆಳ್ಳಗೆ, ಸಮನಾಗಿ. ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊರಗೆ ಬಂದು ಕದ ಎಳೆದೆವು. ಬೀಗದ ಕೈ ಕೆಂಪವ್ವನ ಸೊಂಟದಲ್ಲೇ ಉಳಿಯಿತು. ಅದು ಒಳ್ಳೆಯದಾಯಿತು. ಯಾರೂ ನಾನು ಬೆರಳಲ್ಲಿ ಒತ್ತಿದೆ ಎನ್ನುವಂತಿಲ್ಲ.

ಮಂಗಳವಾರ ಬೆಳಿಗ್ಗೆ ಕದ ತೆಗೆದರು. ಹಿಟ್ಟು ಹಾಸಿದಂತೆಯೇ ಇತ್ತು. ಒಂದು ಹೆಜ್ಜೆ ಇಲ್ಲ, ಒಂದು ಗೆರೆ ಇಲ್ಲ.

ಹೆಡ್‌ಮೇಷ್ಟ್ರು "ಶ್ರೀಹರಿ" ಎಂದರು. ಬೋರೇಗೌಡರು ತಾಯಿಯ ಮುಖ ನೋಡಿದರು. ಕೆಂಪವ್ವ ಕದ ಎಳೆಯಲು ಕೈ ಹಾಕಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಒಂದು ನಿಮಿಷ, ಅವ್ವ," ಎಂದೆ. ಏನು ಹೇಳಬೇಕೋ ಗೊತ್ತಿಲ್ಲದೆ ಅಂದದ್ದು. ಕಣಜದ ಕೋಣೆಯನ್ನು ನೋಡುತ್ತಾ ನಿಂತೆ. ಯಾಕೋ ಕೋಣೆ ತೀರಾ ಚೊಕ್ಕಟವಾಗಿ ಕಂಡಿತು. ನಿನ್ನೆ ಕತ್ತಲಾಗುತ್ತಿತ್ತು, ನಾನು ನೆಲ ಮಾತ್ರ ನೋಡಿದ್ದೆ. "ರಾಗಿ ಎಲ್ಲಿ?"

"ಗುಡ್ಲಿಗೆ ಒತ್ಕೊಂಡೋದೋ," ಎಂದರು ಬೋರೇಗೌಡರು. "ಎಷ್ಟ್ ದಿನ ಆಗ್ತದೋ ಅಂತ. ಅವರೆ, ಉಳ್ಳಿ ಎಲ್ಲಾನೂ."

"ಹಾಗಾದರೆ ಇಲಿ ಇಲ್ಲಿ ಯಾಕೆ ಬರಬೇಕು? ತಿನ್ನಲು ಏನಿದೆ?"

ಕೆಂಪವ್ವ ಕದದಿಂದ ಕೈ ತೆಗೆಯಲಿಲ್ಲ. ಆದರೆ ಎಳೆಯಲೂ ಇಲ್ಲ. ನಾನು ಬಡಬಡನೆ ಹೇಳಿದೆ: ಇನ್ನೊಂದು ಸಲ, ಒಂದೇ ಸಲ, ನಡುವೆ ಕೊಬ್ಬರಿ ಹೋಳು ಇಡೋಣ.

"ನಾಳೀಕೂ ಇಲ್ಲಾಂದ್ರೆ?"

"ಇಲ್ಲಾಂದರೆ ನಾನೇ ಬಂದು ನಿಮ್ಮ ಗುಡಿಸಲಿಗೆ ನಾಲ್ಕನೇ ಗೋಡೆ ಕಟ್ಟಿಸುತ್ತೇನೆ. ಮನೆಗೆ ಬನ್ನಿ ಅನ್ನುವುದಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆಯ್ತು. ಕೊಬ್ರಿ ನಿಮ್ಮ ಅಂಗ್ಡೀದು."

ಆ ದಿನದಷ್ಟು ಉದ್ದವಾದ ದಿನವನ್ನು ನಾನು ಕಂಡಿಲ್ಲ. ಶಾಲೆ ಬಿಟ್ಟ ಮೇಲೆ ಗುಡಿಸಲಿಗೆ ಹೋದರೆ ಪುಟ್ಟಲಕ್ಷ್ಮಿ ಅಳುತ್ತಿದ್ದಳು. ಮಗು ಬೆಳಿಗ್ಗೆಯಿಂದ ಮೊಲೆ ಹಿಡಿದಿರಲಿಲ್ಲ. ಬಾಯಿ ತೆರೆಯುತ್ತದೆ, ಚೀಪುವುದಿಲ್ಲ. ಕೈಕಾಲು ಮುಟ್ಟಿದರೆ ನೆನೆದ ಅವರೆಕಾಳಿನಂತೆ ತಣ್ಣಗೆ, ಸುಕ್ಕು. ಹೆಂಚಿನ ಚೂರು ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆವು. ಓಮಿನ ಹೊಗೆ ಹಾಕಿದೆವು. ಗೋಣಿ ತಟ್ಟಿನ ಸಂದಿಯಿಂದ ಗಾಳಿ ಅದನ್ನೂ ಎತ್ತಿಕೊಂಡು ಹೋಗುತ್ತಿತ್ತು. ಡಾಕ್ಟರು ಇದ್ದದ್ದು ಚನ್ನರಾಯಪಟ್ಟಣದಲ್ಲಿ. ಅಷ್ಟು ದೂರ ಗಾಡಿಯಲ್ಲಿ ಈ ಚಳಿಯಲ್ಲಿ ಒಯ್ದರೆ ದಾರಿಯಲ್ಲೇ ಏನಾದೀತೋ ಎಂದು ಎಲ್ಲರಿಗೂ ಗೊತ್ತಿತ್ತು. ಬಾಣಂತಿಗೆ ಜ್ವರವಿಲ್ಲ, ಹಾಲಿದೆ. ಮಗು ಉಸಿರಾಡುತ್ತಿದೆ. ಇಷ್ಟನ್ನೇ ಮತ್ತೆ ಮತ್ತೆ ಎಣಿಸಿಕೊಂಡೆ.

"ಮೇಷ್ಟ್ರಮ್ಮ," ಎಂದಳು ಪುಟ್ಟಲಕ್ಷ್ಮಿ ಮೆಲ್ಲಗೆ, ಅಜ್ಜಿಗೆ ಕೇಳಿಸದಂತೆ, "ಎಜ್ಜೆ ಮೂಡ್ತದಾ?"

ಮೂಡುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. "ಶಿವ ಇದ್ದಾನೆ ಕಣಮ್ಮ," ಎಂದೆ.

ಸಂಜೆ ಹಳೆಯ ಹಿಟ್ಟನ್ನು ಗುಡಿಸಿ ಹೊಸದಾಗಿ ಹಾಸಿದೆ. ಕಣಜದ ಬುಡದಲ್ಲಿ ಒಂದು ಹೋಳು, ಬಾಣಂತಿ ಕೋಣೆಯ ಹೊಸ್ತಿಲ ಹತ್ತಿರ ಒಂದು ಹೋಳು. ಮನೆಗೆ ಬಂದು ಪೂಜೆಗೆ ಕೂತು ನಾನು ಬೇಡಿಕೊಂಡದ್ದನ್ನು ಬರೆಯಲು ಈಗಲೂ ಸಂಕೋಚ. ಮಕ್ಕಳನ್ನು ಕೊಡು, ಮಳೆ ಕೊಡು ಎಂದು ಬೇಡುವವರಿದ್ದಾರೆ. ನಾನು ಇಲಿ ಕಳಿಸಪ್ಪ ಎಂದು ಬೇಡಿದೆ.

ಬುಧವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕೆಂಪವ್ವ ಬಾಗಿಲ ಮುಂದೆ ಬಂದು ಕೂತಿದ್ದರು. ಬೀಗ ತೆಗೆದಿರಲಿಲ್ಲ. ನನಗಾಗಿ ಕಾಯುತ್ತಿದ್ದರು. ಬೋರೇಗೌಡರು, ಹೆಡ್‌ಮೇಷ್ಟ್ರು ಪಕ್ಕದಲ್ಲಿ. ಕೆಂಪವ್ವ ಎದ್ದು, ಸೊಂಟದ ಬೀಗದ ಕೈ ತೆಗೆದು, ಬೀಗ ತೆಗೆದು, ಕದ ನೂಕಿದರು. ನಾನು ಮೊದಲು ಕಣ್ಣು ಮುಚ್ಚಿಕೊಂಡೆ.

"ಬೋರ," ಎಂದರು ಕೆಂಪವ್ವ. "ಬಾಗ್ಲು ಪೂರಾ ತೆಗಿ. ಬೆಳಕು ಬರ್ಲಿ."

ಕಣ್ಣು ಬಿಟ್ಟೆ. ಕಣಜದ ಬುಡದಿಂದ ಗೋಡೆಯಂಚಿಗೆ, ಗೋಡೆಯಂಚಿನಿಂದ ಕೊಬ್ಬರಿಗೆ, ಅಲ್ಲಿಂದ ಮತ್ತೆ ಕತ್ತಲೆಗೆ, ಚುಕ್ಕಿ ಚುಕ್ಕಿ ಹೆಜ್ಜೆ. ನಡುವೆ ಬಾಲದ ಗೆರೆ. ಒಂದೇ ಸಾಲಲ್ಲ. ದೊಡ್ಡ ಹೆಜ್ಜೆಯ ಹಿಂದೆ ಸಣ್ಣ ಹೆಜ್ಜೆಗಳು ಗಿಜಿಗಿಜಿ. ಬಾಣಂತಿ ಕೋಣೆಯ ಹೊಸ್ತಿಲ ಹತ್ತಿರದ ಹೋಳು ಪೂರ್ತಿ ಮಾಯ. ಅಲ್ಲಿ ಹಿಟ್ಟು ಕುಸ್ತಿ ಆಡಿದಂತೆ ಕೆದರಿತ್ತು.

ಕೆಂಪವ್ವ ಮಂಡಿಯೂರಿ ಕೂತು, ಹಿಟ್ಟು ಕೆಡದಂತೆ ಸೆರಗು ಎತ್ತಿಕೊಂಡು, ಬಹಳ ಹೊತ್ತು ನೋಡಿದರು.

"ಇದ್ಕೂ ಬಾಣಂತನ ಆಗೈತೆ ಕಣವ್ವ," ಎಂದರು. "ಮರಿ ಕರ್ಕಂಡು ಬಂದವ್ಳೆ."

ಆಮೇಲೆ ಮಗನ ಕಡೆ ತಿರುಗಿ, "ಏನ್ಲಾ ಕಣ್ಕಣ್ ಬಿಡ್ತೀಯ? ಗಾಡಿ ಕಟ್ಟು! ಇಲಿ ಮಕ್ಳು ಮರಿ ಮನೆ ಒಳ್ಗೆ ಬೆಚ್ಚಗವೆ, ನಮ್ ಕೂಸು ಬಯಲ್ನಾಗೆ!" ಎಂದರು. ದನಿ ಒಡೆಯಿತು. ಸೆರಗಿನಿಂದ ಮುಖ ಒರೆಸಿಕೊಂಡರು. ಹೆಡ್‌ಮೇಷ್ಟ್ರು ಗೋಡೆಯ ಕಡೆ ತಿರುಗಿ ಮೂಗು ಸೀನಿದರು.

ಬರಿಗೈಯಲ್ಲಿ ಒಳಗೆ ಬರುವಂತಿರಲಿಲ್ಲ. ಪ್ಲೇಗಿನ ಅಮ್ಮ ಬಂದಳೆಂದು ಊರು ಬಿಟ್ಟವರು ಆ ದೇವಿಗೆ ತಂಪು ಮಾಡಿಯೇ ಒಳಗೆ ಬರಬೇಕು. ಕೆಂಪವ್ವ ಬೇವಿನ ಸೊಪ್ಪು ಹಾಕಿದ ತಂಬಿಗೆ ನೀರು, ಮೊಸರನ್ನ ತೆಗೆದುಕೊಂಡು ಊರ ಗಡಿಯ ಕಲ್ಲಿಗೆ ಹೋಗಿ ಎರೆದು ಬಂದರು. ನಾನು ಅಷ್ಟರಲ್ಲಿ ಬಾಣಂತಿ ಕೋಣೆಯ ಒಲೆಗೆ ಉರಿ ಹಾಕಿದೆ. ಗಾಡಿ ಬಂತು. ಪುಟ್ಟಲಕ್ಷ್ಮಿಯನ್ನು ಬೋರೇಗೌಡರು ಕೈ ಹಿಡಿದು ಇಳಿಸಿದರು. ಕೋಣೆಗೆ ಹೋಗಲು ಹಿಟ್ಟಿನ ಮೇಲೇ ನಡೆದಳು. ಇಲಿಯ ಹೆಜ್ಜೆಗಳ ಮೇಲೆ ಅವಳ ಹೆಜ್ಜೆ.

ಕದ ಮುಚ್ಚಿಕೊಂಡಿತು. ನಾವು ಹೊರಗೆ ಜಗಲಿಯಲ್ಲಿ ಕೂತೆವು. ಒಳಗೆ ಕೆಂಪವ್ವ ಏನೋ ಗದರುತ್ತಿದ್ದರು, ಕೆಂಡ ಕೆದಕುವ ಸದ್ದು. ಬಿಸಿಲು ಜಗಲಿಯ ಮೇಲಿಂದ ಇಳಿದು ಮೆಟ್ಟಿಲಿಗೆ ಬಂದರೂ ಯಾರೂ ಏಳಲಿಲ್ಲ. ಶಾಲೆಗೆ ಹೊತ್ತಾಯಿತು ಎಂದು ಹೆಡ್‌ಮೇಷ್ಟ್ರು ಕೂಡ ಅನ್ನಲಿಲ್ಲ. ಆಮೇಲೆ ಒಳಗಿನಿಂದ ಮಗು ಅತ್ತಿತು. ಬೆಕ್ಕಿನ ಮರಿಯಂತಲ್ಲ, ಹಸಿದ ಮಗುವಿನಂತೆ, ಸಿಟ್ಟಿನಿಂದ. ಅಳು ಇದ್ದಕ್ಕಿದ್ದಂತೆ ನಿಂತಿತು. ಕೆಂಪವ್ವ ಕದದ ಸಂದಿಯಿಂದ ಮುಖ ಹಾಕಿ, "ಕುಡೀತಾ ಐತೆ," ಎಂದು ಮತ್ತೆ ಮುಚ್ಚಿಕೊಂಡರು.

ಆಮೇಲೆ ನಾನು ಎಷ್ಟೋ ವರ್ಷ ಪಾಠ ಹೇಳಿದೆ. ಅರಕಲಗೂಡಿನಲ್ಲಿದ್ದೆ, ಮತ್ತೆ ಹಾಸನದಲ್ಲೂ ಇದ್ದೆ. ಅಚ್ಚಾದ ಬಣ್ಣಬಣ್ಣದ ಪಟಗಳು ಬಂದವು. ಅವನ್ನು ಬಳಸಿದೆ, ಮೆಚ್ಚಿದೆ. ಆದರೆ ಯಾವ ಚಿತ್ರವನ್ನೂ ಪಾಠ ಮುಗಿದ ಮೇಲೆ ಗೋಡೆಯ ಮೇಲೆ ಬಿಟ್ಟು ಬ​ರಲಿಲ್ಲ. ತೋರಿಸುವಾಗ ಪಕ್ಕದಲ್ಲಿ ನಿಂತೆ, ಮುಗಿದ ಕೂಡಲೇ ಸುತ್ತಿಟ್ಟೆ. ಹೊರಗೆ ಹಾಕುವ ಚಿತ್ರವಾದರೆ ಓದು ಬಾರದ ಒಬ್ಬರನ್ನು ಮೊದಲು ಕರೆದು, ಇದು ಏನು ಹೇಳುತ್ತದೆ ಎಂದು ಕೇಳಿದೆ. ಅವರು ಹೇಳಿದ್ದೇ ಆ ಚಿತ್ರದ ಅರ್ಥ, ನಾನು ಅಂದುಕೊಂಡದ್ದಲ್ಲ. ಸಾಧ್ಯವಾದಾಗಲೆಲ್ಲ ವಸ್ತುವೇ ತನ್ನನ್ನು ತಾನು ತೋರಿಸಿಕೊಳ್ಳುವಂತೆ ಮಾಡಿದೆ. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ.

ಆ ಬುಧವಾರ ಶಾಲೆ ಮುಗಿಸಿ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗು ಹಾಲು ಕುಡಿದ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅವರು ಕೈ ಮುಗಿದು ಶಿವನಿಗೆ ಒಪ್ಪಿಸಿದರು. ಆಮೇಲೆ ದನಿ ಬದಲಾಯಿತು.

"ಊರೋರ್ ಮನೆ ಇಲಿಗೆ ಕೊಬ್ರಿ ಬಡ್ಸಿ ಬಂದ್ಯಲ್ಲ ಪುಣ್ಯಾತ್ಗಿತ್ತಿ, ಇಲ್ ನೋಡು. ನಮ್ಮನೇವು ರಾಗಿ ಚೀಲ ತೂತು ಮಾಡವೆ. ಒಂದ್ ಮೊರ ಸುರ್ದೋಗೈತೆ."

ಸುರಿದ ರಾಗಿಯನ್ನು ಮೊರಕ್ಕೆ ಗೋರಿಕೊಂಡೆ. ದಬ್ಬಳಕ್ಕೆ ಸೆಣಬಿನ ಹುರಿ ಪೋಣಿಸಿ, ಚೀಲವನ್ನು ಮಡಿಲಿಗೆ ಎಳೆದುಕೊಂಡು ಹೊಲಿಯಲು ಕೂತೆ.